ಚಿಕ್ಕಮಗಳೂರಿನ ಹಳೇ ಸಾಮಾನಿನ ಅಂಗಡಿಯಲ್ಲಿ ಡಿಂಕಿ ಈಗಲ್

ಹಳೇ ಆಟಿಕೆ ಸಂಗ್ರಹಿಸುವವರು ಚಿಕ್ಕಮಗಳೂರಿಗೆ ಬಂದರೆ ಎಂ.ಜಿ. ರಸ್ತೆ ಪಕ್ಕದ ಗಲ್ಲಿಯ ಈ ಅಂಗಡಿಗೆ ಹೋಗಲೇಬೇಕು. ಎಸ್ಟೇಟ್ ಬಂಗಲೆಗಳಿಂದ ಬಂದ ಗಡಿಯಾರ, ಲಾಟೀನುಗಳ ನಡುವೆ ನನಗೆ ಸಿಕ್ಕಿದ್ದು ಡಿಂಕಿ ಎಂಬ ಬ್ರಿಟಿಷ್ ಆಟಿಕೆ ಕಂಪನಿಯ ಈಗಲ್ ಟ್ರಾನ್ಸ್‌ಪೋರ್ಟರ್. 1975ರಲ್ಲಿ ಶುರುವಾದ ‘ಸ್ಪೇಸ್: 1999’ ಎಂಬ ಬ್ರಿಟಿಷ್ ಟಿವಿ ಧಾರಾವಾಹಿಯ ಬಾಹ್ಯಾಕಾಶ ನೌಕೆಯ ಆಟಿಕೆ ಇದು.

ಕೈಗೆ ತಗೊಂಡ ಕೂಡಲೇ ತೂಕ ಗೊತ್ತಾಗುತ್ತದೆ. ಎರಕದ ಲೋಹ, ಅಲ್ವಾ! ನಡುವಿನ ಪ್ರಯಾಣಿಕರ ಡಬ್ಬ ಬಿಚ್ಚಿ ಬರುತ್ತದೆ, ಮತ್ತೆ ಒತ್ತಿದರೆ ಗಟ್ಟಿಯಾಗಿ ಕೂರುತ್ತದೆ. ಟಿವಿಯಲ್ಲಿ ಈಗಲ್ ಬಿಳಿ. ಡಿಂಕಿಯವರು ಹೊಳೆಯುವ ಹಸಿರು ಬಳಿದರು. ಅದು ತಪ್ಪು ಬಣ್ಣ ಅಂತ ಬೈಯುವವರಿದ್ದಾರೆ, ನನಗಂತೂ ಆ ಹಸಿರೇ ಪ್ರಾಣ. ನನ್ನದರಲ್ಲಿ ಮೂತಿಯ ಹತ್ತಿರ ಸ್ವಲ್ಪ ಬಣ್ಣ ಎದ್ದಿದೆ. ಯಾವುದೋ ಮಗು ಚೆನ್ನಾಗಿ ಆಡಿದೆ, ಅಷ್ಟೇ.

ಅಂಗಡಿಯವರು ಅವಸರ ಮಾಡಲಿಲ್ಲ. "ಬೆಳಕಿಗೆ ತಗೊಂಡ್ಹೋಗಿ ನೋಡಿ ಸಾರ್" ಅಂದರು. ನೀವೂ ಹಾಗೇ ನೋಡಿ. ಕಾಲುಗಳು ನಾಲ್ಕೂ ಇವೆಯಾ, ಪ್ಲಾಸ್ಟಿಕ್ ಭಾಗ ಬಿರಿದಿದೆಯಾ, ಮೇಲೆ ಹೊಸ ಪೇಂಟ್ ಹೊಡೆದಿದ್ದಾರಾ. ಲಿವರ್‌ಪೂಲ್‌ನ ಬಿನ್ಸ್ ರಸ್ತೆಯಲ್ಲಿದ್ದ ಡಿಂಕಿ ಕಾರ್ಖಾನೆ 1979ರಲ್ಲೇ ಮುಚ್ಚಿತು, ಕಳೆದ ಭಾಗ ಸುಲಭಕ್ಕೆ ಸಿಗಲ್ಲ.

ಒಂದು ದೂರು: ಆಟಿಕೆಗಳ ಮೂಲ ರಟ್ಟಿನ ಪೆಟ್ಟಿಗೆಗಳನ್ನು ಗೋಡೆಗೆ ತಾಗಿಸಿ ಇಟ್ಟಿದ್ದಾರೆ. ನಮ್ಮ ಮಲೆನಾಡಿನ ಮಳೆಗಾಲದಲ್ಲಿ ಹಾಗೆ ಇಟ್ಟರೆ ಬೂಷ್ಟು ಗ್ಯಾರಂಟಿ. ಪೆಟ್ಟಿಗೆ ಚೆನ್ನಾಗಿದ್ದರೆ ಬೆಲೆಯೂ ಜಾಸ್ತಿ, ಅವರಿಗೇ ನಷ್ಟ. ನನ್ನದಕ್ಕೆ ಪೆಟ್ಟಿಗೆ ಇರಲಿಲ್ಲ, ಹಾಗಾಗಿ ಆರು ಸಾವಿರ ಹೇಳಿದ್ದು ನಾಲ್ಕೂವರೆಗೆ ಇಳಿಯಿತು. ಕೊಟ್ಟ ದುಡ್ಡಿಗೆ ಮೋಸವಿಲ್ಲ. ಚೌಕಾಸಿ ಮಾಡಿ, ಬೇಜಾರು ಮಾಡ್ಕೊಳ್ಳಲ್ಲ.