ಮನೆಯಲ್ಲೇ ಊದುವ ಸ್ಪೈರೋಮೀಟರ್: ಯಂತ್ರ ಪರವಾಗಿಲ್ಲ, ಊದಿಸುವವರಿಲ್ಲ

ಜನರಿಂದ ಊದಿಸುವುದೇ ನನ್ನ ಕೆಲಸ. ಶ್ವಾಸಕೋಶ ಪರೀಕ್ಷೆಯ ಲ್ಯಾಬ್‌ನಲ್ಲಿ ಟೆಕ್ನಿಷಿಯನ್. "ಉಸಿರು ತುಂಬ ಎಳ್ಕೊಳ್ಳಿ, ಇನ್ನೂ, ಇನ್ನೂ... ಈಗ ಜೋರಾಗಿ ಬಿಡಿ! ಬಿಡಿ ಬಿಡಿ ಬಿಡಿ, ನಿಲ್ಲಿಸ್ಬೇಡಿ!" ಅಂತ ಕೂಗಿ ಕೂಗಿ ಸಂಜೆ ಹೊತ್ತಿಗೆ ಗಂಟಲು ಕಟ್ಟಿರುತ್ತದೆ. ದಮ್ಮಿನ ತೊಂದರೆ ಇರುವ ಚಿಕ್ಕಪ್ಪ, ಮೊಬೈಲಿಗೆ ಬ್ಲೂಟೂತ್‌ನಲ್ಲಿ ಜೋಡಿಸುವ ಅಂಗೈಯಗಲದ ಸ್ಪೈರೋಮೀಟರ್ (ಊದಿದ ಗಾಳಿಯನ್ನು ಅಳೆಯುವ ಯಂತ್ರ) ತರಿಸಿಕೊಂಡು "ಇನ್ನು ನಿಮ್ಮ ಲ್ಯಾಬಿಗೆ ಬರೋ ಗೋಜಿಲ್ಲಮ್ಮ" ಅಂದರು. ಅದನ್ನು ಇಸಕೊಂಡು ಲ್ಯಾಬಿಗೇ ಒಯ್ದೆ.

ಒಳಗಿರುವುದು ಟರ್ಬೈನ್. ಪಾರದರ್ಶಕ ಕೊಳವೆಯಲ್ಲಿ ಒಂದು ತೆಳ್ಳನೆಯ ರೆಕ್ಕೆ. ಊದಿದರೆ ಗಿರ್ರನೆ ತಿರುಗುತ್ತದೆ, ತಿರುಗುವಾಗ ಅಡ್ಡ ಹಾಯುವ ಇನ್‌ಫ್ರಾರೆಡ್ ಕಿರಣವನ್ನು ಕಡಿಯುತ್ತದೆ. ಎಷ್ಟು ಸಲ ಕಡಿಯಿತು, ಎಷ್ಟು ಬೇಗ ಕಡಿಯಿತು ಎನ್ನುವುದರಿಂದಲೇ ಗಾಳಿಯ ಪ್ರಮಾಣ, ವೇಗ ಎರಡೂ ಸಿಗುತ್ತವೆ. ನಮ್ಮ ಲ್ಯಾಬಿನ ಯಂತ್ರದಲ್ಲಿ ತಿರುಗುವ ಭಾಗವೇ ಇಲ್ಲ. ಅದು ಸಣ್ಣ ತಡೆಯ ಎರಡು ಬದಿಯ ಒತ್ತಡದ ವ್ಯತ್ಯಾಸ ನೋಡಿ ಹರಿವನ್ನು ಲೆಕ್ಕ ಹಾಕುತ್ತದೆ. 1846ರಲ್ಲಿ ಇಂಗ್ಲೆಂಡಿನ ವೈದ್ಯ ಜಾನ್ ಹಚಿನ್ಸನ್ ತನ್ನ ಸ್ಪೈರೋಮೀಟರನ್ನು ಜಗತ್ತಿಗೆ ತೋರಿಸಿದಾಗ ಅದು ನೀರಿನಲ್ಲಿ ಬೋರಲು ಹಾಕಿದ ದೊಡ್ಡ ಡ್ರಮ್ಮು. ಊದಿದಷ್ಟೂ ಮೇಲೇಳುತ್ತಿತ್ತು. ಅದು ಈಗ ಜೇಬಿಗೆ ಬಂದಿದೆ ಎನ್ನುವುದೇನೂ ಸಣ್ಣ ಮಾತಲ್ಲ.

ಪ್ರತಿ ಬೆಳಗ್ಗೆ ನಮ್ಮ ಯಂತ್ರವನ್ನು 3 ಲೀಟರಿನ ಕ್ಯಾಲಿಬ್ರೇಷನ್ ಸಿರಿಂಜ್‌ನಿಂದ ಪರೀಕ್ಷಿಸುತ್ತೇವೆ. ಒಮ್ಮೆ ವೇಗವಾಗಿ, ಒಮ್ಮೆ ಮಧ್ಯಮವಾಗಿ, ಒಮ್ಮೆ ನಿಧಾನವಾಗಿ ತಳ್ಳಬೇಕು, ಮೂರರಲ್ಲೂ ಶೇ. 3ಕ್ಕಿಂತ ಹೆಚ್ಚು ವ್ಯತ್ಯಾಸ ಬರಬಾರದು. ಚಿಕ್ಕಪ್ಪನ ಯಂತ್ರಕ್ಕೂ ಅದೇ ಸಿರಿಂಜ್ ಸಿಕ್ಕಿಸಿದೆ. ವೇಗವಾಗಿ ತಳ್ಳಿದಾಗ 3.02, ಮಧ್ಯಮದಲ್ಲಿ 2.97. ಶಭಾಷ್. ನಿಧಾನಕ್ಕೆ ತಳ್ಳಿದಾಗ ಮಾತ್ರ 2.81ಕ್ಕೆ ಇಳಿಯಿತು. ರೆಕ್ಕೆ ಎಷ್ಟೇ ಹಗುರವಿದ್ದರೂ ಅದನ್ನು ಅಲುಗಿಸಲು ಒಂದಿಷ್ಟು ಗಾಳಿ ಬೇಕೇ ಬೇಕು, ಮೆಲ್ಲಗೆ ಬಂದ ಗಾಳಿ ಲೆಕ್ಕಕ್ಕೆ ಸಿಗದೆ ಜಾರಿಹೋಗುತ್ತದೆ. ದಮ್ಮಿರುವವರ ಉಸಿರು ಕೊನೆಕೊನೆಗೆ ಹೊರಬರುವುದೇ ಹಾಗೆ, ಎಳೆಎಳೆಯಾಗಿ. ಈ ಯಂತ್ರ ತಪ್ಪುವುದೂ ಅಲ್ಲೇ.

ಆದರೂ ನನ್ನ ನಿಜವಾದ ತಕರಾರು ಟರ್ಬೈನ್ ಮೇಲಲ್ಲ, ಆಪ್ ಮೇಲೆ.

ಚಿಕ್ಕಪ್ಪ ಮನೆಯಲ್ಲಿ ಊದಿಟ್ಟಿದ್ದ ದಾಖಲೆಗಳನ್ನು ತೆರೆದೆ. ಪ್ರತಿಯೊಂದಕ್ಕೂ ಹಸಿರು ಟಿಕ್. ಅದರ ಕೆಳಗೆ ದಪ್ಪಕ್ಷರದಲ್ಲಿ 'ಶ್ವಾಸಕೋಶದ ವಯಸ್ಸು: 79'. ಅವರಿಗಿನ್ನೂ 61. ಆ ಅಂಕಿ ನೋಡಿ ರಾತ್ರಿ ನಿದ್ದೆ ಕೆಡಿಸಿಕೊಂಡಿದ್ದರು. ನಾನು ಅಂಕಿ ಬಿಟ್ಟು ಊದಿದ ಗಾಳಿಯ ವೇಗ ತೋರಿಸುವ ಗ್ರಾಫ್ ನೋಡಿದೆ. ಸರಿಯಾಗಿ ಊದಿದರೆ ಗೆರೆ ಶುರುವಿನಲ್ಲೇ ನೆಟ್ಟಗೆ ಮೇಲೇರಿ ಚೂಪಾದ ತುದಿ ಮುಟ್ಟಿ, ಆಮೇಲೆ ಇಳಿಯಬೇಕು. ಇವರದ್ದು ಬೋಗುಣಿ ಕವುಚಿಟ್ಟ ಹಾಗೆ ದುಂಡಗಿತ್ತು. ಅಂದರೆ ಪೂರ್ತಿ ಉಸಿರು ತುಂಬಿಕೊಳ್ಳದೆ, ಅನುಮಾನಿಸುತ್ತಾ ಊದಿದ್ದಾರೆ. ಮೊದಲ ಸೆಕೆಂಡಿನಲ್ಲಿ ಎಷ್ಟು ಗಾಳಿ ಹೊರಗೆ ಬಂತು ಎನ್ನುವುದೇ ಎಫ್‌ಇವಿ-1. ಅದರ ಮೇಲೇ ಈ 'ವಯಸ್ಸಿನ' ಲೆಕ್ಕ ನಿಂತಿರುವುದು. ಊದುವುದು ಅರೆಮನಸ್ಸಿನದಾದರೆ ವಯಸ್ಸು ಏರದೆ ಇನ್ನೇನಾದೀತು?

ಪಕ್ಕದಲ್ಲಿ ಕೂತು, ಮೂಗಿಗೆ ಕ್ಲಿಪ್ ಹಾಕಿ, "ತುಟಿ ಬಿಗಿ ಹಿಡೀರಿ ಚಿಕ್ಕಪ್ಪ, ಕ್ಯಾಂಡಲ್ ಆರಿಸೋ ಥರ ಅಲ್ಲ, ಪೂರ್ತಿ ಖಾಲಿ ಮಾಡ್ಬೇಕು" ಅಂತ ನನ್ನ ಮಾಮೂಲಿ ದನಿಯಲ್ಲಿ ಕೂಗಿದೆ. ಅದೇ ಯಂತ್ರ, ಅದೇ ಶ್ವಾಸಕೋಶ; ಎಫ್‌ಇವಿ-1 ಸುಮಾರು ಅರ್ಧ ಲೀಟರ್ ಮೇಲೇರಿತು. ಲ್ಯಾಬಿನಲ್ಲಿ ನಾವು ಒಂದು ಊದಿಗೆ ಸಮಾಧಾನಪಡುವುದಿಲ್ಲ. ಒಪ್ಪಬಹುದಾದ ಮೂರು ಬೇಕು, ಅವುಗಳಲ್ಲಿ ಅತ್ಯುತ್ತಮ ಎರಡು 150 ಮಿಲಿಲೀಟರಿನೊಳಗೆ ಹೊಂದಿಕೊಳ್ಳಬೇಕು. ಸಿಗದಿದ್ದರೆ ಮತ್ತೆ ಊದಿಸುತ್ತೇವೆ, ದೊಡ್ಡವರಿಗೆ ಸಾಮಾನ್ಯವಾಗಿ ಎಂಟರವರೆಗೆ. ಈ ಆಪ್ ಒಂದೇ ಊದಿಗೆ ಟಿಕ್ ಹಾಕಿ ಫಲಿತಾಂಶ ಒಪ್ಪಿಸಿಬಿಡುತ್ತದೆ.

ಇನ್ನೊಂದು ವಿಷಯ: ಇದು 6 ಸೆಕೆಂಡಿಗೆ ಅಳತೆ ನಿಲ್ಲಿಸುತ್ತದೆ. ಆರೋಗ್ಯವಂತರಿಗೆ ಅಷ್ಟು ಸಾಕು. ಆದರೆ ಸಿಒಪಿಡಿ, ಅಂದರೆ ಶ್ವಾಸನಾಳ ಕಿರಿದಾಗಿ ಉಸಿರು ಕಟ್ಟುವ ದೀರ್ಘಕಾಲದ ಕಾಯಿಲೆ, ಇರುವವರ ಗಾಳಿ 10 ಸೆಕೆಂಡ್ ದಾಟಿದರೂ ಬರುತ್ತಲೇ ಇರುತ್ತದೆ. ನಾವು 15ರವರೆಗೂ ಕಾಯುತ್ತೇವೆ. ಮಧ್ಯದಲ್ಲಿ ಕತ್ತರಿಸಿದರೆ ಒಟ್ಟು ಗಾಳಿ, ಅಂದರೆ ಎಫ್‌ವಿಸಿ, ಇರುವುದಕ್ಕಿಂತ ಕಡಿಮೆ ತೋರುತ್ತದೆ. ಎಫ್‌ಇವಿ-1ನ್ನು ಆ ಕಡಿಮೆ ಅಂಕಿಯಿಂದ ಭಾಗಿಸಿದಾಗ ಅನುಪಾತ ಚೆನ್ನಾಗಿಯೇ ಕಾಣುತ್ತದೆ. ಶ್ವಾಸನಾಳ ಹಿಗ್ಗಿಸುವ ಔಷಧಿ ಎಳೆದ ಮೇಲೂ ಅನುಪಾತ 0.70ಕ್ಕಿಂತ ಕೆಳಗಿದ್ದರೆ ಸಿಒಪಿಡಿ ಎಂದು ಅನುಮಾನಿಸುವ ವೈದ್ಯರಿಗೆ ಈ ಸುಳ್ಳು 0.72 ಕೊಟ್ಟು ಏನು ಪ್ರಯೋಜನ?

ಶೇಕಡಾವಾರು ಅಂಕಿಯನ್ನಂತೂ ನಂಬಿ ಕೂರಬೇಡಿ. ವಯಸ್ಸು, ಎತ್ತರ, ಲಿಂಗ ನೋಡಿ 'ನಿಮಗೆ ಇಷ್ಟಿರಬೇಕು' ಅಂತ ಸೂತ್ರ ಹೇಳುತ್ತದೆ, ನೀವು ಊದಿದ್ದು ಅದರ ಶೇಕಡಾ ಎಷ್ಟು ಎನ್ನುವುದೇ ಈ ಅಂಕಿ. ಎತ್ತರ ಹೆಚ್ಚಿದಂತೆ ಶ್ವಾಸಕೋಶ ಹಿಡಿಯುವ ಗಾಳಿಯೂ ಹೆಚ್ಚುತ್ತದೆ ಎಂದು ಹಚಿನ್ಸನ್ ಆಗಲೇ ಅಳೆದು ತೋರಿಸಿದ್ದ. ಚಿಕ್ಕಪ್ಪ ತುಂಬಿಸಿದ್ದು ಯೌವನದಲ್ಲಿ ಯಾರೋ ಅಳೆದ ಎತ್ತರ! ಅದು ಹೋಗಲಿ, ಯಾವ ಸೂತ್ರ ಬಳಸಿದ್ದಾರೆ ಎಂದು ಆಪ್‌ನಲ್ಲಿ ಎಲ್ಲೂ ಬರೆದಿಲ್ಲ. ಸೂತ್ರ ಬದಲಾದರೆ ಅದೇ ಊದಿಗೆ ಬೇರೆ ಶೇಕಡಾ ಬರುತ್ತದೆ. ಲೀಟರ್ ನೋಡಿ, ನಿಮ್ಮದೇ ಹಿಂದಿನ ಲೀಟರ್ ಜೊತೆ ಹೋಲಿಸಿ.

ಹಾಗಾದರೆ ಯಾರು ಕೊಳ್ಳಬೇಕು? ಬರೀ ಅಸ್ತಮಾ, ಬೆಳಗ್ಗೆ ಸಂಜೆ ಒಂದು ಅಂಕಿ ಬರೆದಿಟ್ಟರೆ ಸಾಕು ಅನ್ನುವವರಿಗೆ ಇದು ಬೇಡ. ಊದಿನ ಗರಿಷ್ಠ ವೇಗವನ್ನಷ್ಟೇ ತೋರಿಸುವ, ಸ್ಪ್ರಿಂಗ್, ಮುಳ್ಳು ಇರುವ ಪ್ಲಾಸ್ಟಿಕ್ ಪೀಕ್ ಫ್ಲೋ ಮೀಟರ್ ಸಾಕು. ಮಾರ್ಟಿನ್ ರೈಟ್ 1950ರ ದಶಕದಲ್ಲಿ ರೂಪಿಸಿದ ಸಾಧನದ ಸಂತತಿ ಅದು. ಬ್ಯಾಟರಿ ಬೇಡ, ಚಾರ್ಜು ಬೇಡ. ನಿಮ್ಮ ಅತ್ಯುತ್ತಮ ಅಂಕಿಯ ಶೇ. 80ಕ್ಕಿಂತ ಮೇಲಿದ್ದರೆ ಹಸಿರು, 50ಕ್ಕಿಂತ ಕೆಳಗಿದ್ದರೆ ಕೆಂಪು, ನಡುವೆ ಹಳದಿ. ಅದೇ ಶ್ವಾಸಕೋಶ ಕಸಿಯಾದವರಿಗೆ, ಮನೆಯಲ್ಲೇ ಎಫ್‌ಇವಿ-1 ನೋಡಿಕೊಳ್ಳಿ ಎಂದು ವೈದ್ಯರು ಹೇಳಿದವರಿಗೆ ಈ ಸ್ಪೈರೋಮೀಟರ್ ಕೆಲಸಕ್ಕೆ ಬರುತ್ತದೆ. ಮೊದಲು ಲ್ಯಾಬ್‌ನಲ್ಲಿ ಯಾರಾದರೂ ಗದರಿಸಿ ಊದುವುದು ಕಲಿಸಿರಬೇಕು, ಅಷ್ಟೇ.

ಟರ್ಬೈನ್ ತೊಳೆಯುವಾಗ ನಲ್ಲಿ ಕೆಳಗೆ ನೇರ ಹಿಡಿಯಬೇಡಿ, ರೆಕ್ಕೆ ಹಾಳಾದೀತು. ಸೋಪಿನ ನೀರಿನಲ್ಲಿ ನೆನೆಸಿ, ಕೊಡವಿ, ನೆರಳಲ್ಲಿ ಒಣಗಿಸಿ. ಕೂತೇ ಊದಿ, ತಲೆ ಸುತ್ತುವುದುಂಟು. ಕಣ್ಣಿನ ಆಪರೇಷನ್ ಅಥವಾ ಹೃದಯಾಘಾತ ಆಗಿ ಹೆಚ್ಚು ದಿನ ಆಗಿಲ್ಲದವರು ವೈದ್ಯರನ್ನು ಕೇಳದೆ ಊದಲೇಬಾರದು. ಈ ಮುಖ್ಯ ಮಾತನ್ನು ಕೈಪಿಡಿಯ ಕೊನೇ ಪುಟದಲ್ಲಿ ಇರುವೆ ಗಾತ್ರದ ಅಕ್ಷರದಲ್ಲಿ ಹಾಕಿದ್ದಾರೆ.

ಐದಕ್ಕೆ ಮೂರು. ಗ್ರಾಫ್ ಸಮೇತ ಪಿಡಿಎಫ್ ಮಾಡಿ ವೈದ್ಯರಿಗೆ ಕಳಿಸುವ ಸೌಲಭ್ಯ ಇಲ್ಲದಿದ್ದರೆ ಎರಡೇ ಕೊಡುತ್ತಿದ್ದೆ.