ಕಾರವಾರದ ನೇವಿ ಯಾರ್ಡೋ, ಬೆಂಗಳೂರಿನ ಎಚ್‌ಎಎಲ್ಲೋ?

ಐಟಿಐ ಮುಗಿಸಿ ರಕ್ಷಣಾ ಇಲಾಖೆಯ ಕಡೆ ಸಿವಿಲಿಯನ್ ಕೆಲಸ ಹುಡುಕುವವರಿಗೆ ನಮ್ಮ ರಾಜ್ಯದಲ್ಲೇ ಅಪ್ರೆಂಟಿಸ್ ಆಗಿ, ಅಂದರೆ ಸ್ಟೈಪೆಂಡ್ ಪಡೆಯುತ್ತ ಕೆಲಸ ಕಲಿಯುವ ತರಬೇತಿಗೆ, ಸೇರಲು ಎರಡು ದಾರಿಗಳಿವೆ: ನೌಕಾಪಡೆಯ ಹಡಗು ರಿಪೇರಿ ಮಾಡುವ ಕಾರವಾರದ ನೇವಲ್ ಶಿಪ್ ರಿಪೇರ್ ಯಾರ್ಡ್ ಮತ್ತು ವಿಮಾನ ತಯಾರಿಸುವ ಸರ್ಕಾರಿ ಕಂಪನಿ, ಬೆಂಗಳೂರಿನ ಎಚ್‌ಎಎಲ್. ಯಾವುದು ಮೊದಲು ಕರೆಯಿತೋ ಅಲ್ಲಿಗೆ ಸೇರಿದರಾಯಿತು ಅನ್ನುವಂತಿಲ್ಲ. ಒಂದು ಕಡೆ ಅಪ್ರೆಂಟಿಸ್ ಆದವರನ್ನು ಇನ್ನೊಂದು ಕಡೆ ಸಾಮಾನ್ಯವಾಗಿ ತೆಗೆದುಕೊಳ್ಳುವುದಿಲ್ಲ.

ಒಳಹೋಗುವುದು ಕಾರವಾರದಲ್ಲೇ ಕಷ್ಟ. ಈಚಿನ ಪ್ರಕಟಣೆಗಳಲ್ಲಿ ಕೇಳಿದ್ದು ಎಸ್ಸೆಸ್ಸೆಲ್ಸಿಯಲ್ಲಿ ಶೇ 50, ಐಟಿಐಯಲ್ಲಿ ಶೇ 65. ಅಂಕದ ಪಟ್ಟಿಯಲ್ಲಿ ಹೆಸರು ಬಂದರೂ ಲಿಖಿತ ಪರೀಕ್ಷೆ, ವೈದ್ಯಕೀಯ ತಪಾಸಣೆ, ಪೊಲೀಸ್ ವೆರಿಫಿಕೇಶನ್ ದಾಟಬೇಕು. ಎಚ್‌ಎಎಲ್‌ನಲ್ಲಿ ಹೆಚ್ಚಾಗಿ ಅಂಕವೇ ನಿರ್ಣಾಯಕ.

ಸ್ಟೈಪೆಂಡ್ ನೋಡಿ ಆರಿಸಬೇಡಿ. 2019ರ ನಿಯಮದ ಲೆಕ್ಕದಲ್ಲಿ ಒಂದು ವರ್ಷದ ಐಟಿಐ ಮಾಡಿದವರಿಗೆ ತಿಂಗಳಿಗೆ ಕನಿಷ್ಠ 7,700 ರೂಪಾಯಿ, ಎರಡು ವರ್ಷದ್ದಕ್ಕೆ 8,050 ಇತ್ತು. ಬೆಂಗಳೂರಿನಲ್ಲಿ ರೂಮ್ ಬಾಡಿಗೆಗೇ ಸ್ಟೈಪೆಂಡಿನಲ್ಲಿ ದೊಡ್ಡ ಪಾಲು ಹೋಗುತ್ತದೆ.

ನಿಜವಾದ ವ್ಯತ್ಯಾಸ ಟ್ರೇಡಿನಲ್ಲಿ, ಅಂದರೆ ಐಟಿಐಯಲ್ಲಿ ಕಲಿತ ಕಸುಬಿನಲ್ಲಿದೆ. ವೆಲ್ಡರ್, ಡೀಸೆಲ್ ಮೆಕ್ಯಾನಿಕ್, ಪ್ಲಂಬರ್, ಎಸಿ ಮೆಕ್ಯಾನಿಕ್ ಆದವರು ಕಾರವಾರ ಹಿಡಿಯಲಿ. ಹಡಗು ರಿಪೇರಿ ಅಂದರೆ ಪಂಪು, ವಾಲ್ವು, ಪೈಪು, ಎಂಜಿನ್ನು ಬಿಚ್ಚುವುದು, ಉಪ್ಪು ತಿಂದ ಭಾಗ ಬದಲಿಸುವುದು. ಒಂದೇ ವರ್ಷದಲ್ಲಿ ಕೈಗೆ ಬಗೆಬಗೆಯ ಕೆಲಸ ಬರುತ್ತದೆ. ಇಕ್ಕಟ್ಟು, ಸೆಕೆ, ಗ್ರೀಸು ಆಗದವರಿಗೆ ಅದು ಹೇಳಿದ ಜಾಗವಲ್ಲ. ಟರ್ನರ್, ಮೆಷಿನಿಸ್ಟ್, ಎಲೆಕ್ಟ್ರಾನಿಕ್ಸ್‌ನವರಿಗೆ ಎಚ್‌ಎಎಲ್ ಮೇಲು: ಅಲ್ಲಿ ಅಳತೆಯ ಶಿಸ್ತು, ಡ್ರಾಯಿಂಗ್ ಓದುವ ಅಭ್ಯಾಸ ಮೈಗೂಡುತ್ತದೆ, ಖಾಸಗಿ ಏರೋಸ್ಪೇಸ್ ಕಂಪನಿಗಳೂ ಅದನ್ನೇ ಕೇಳುತ್ತವೆ. ಕೊರತೆಯೆಂದರೆ ಹಾಕಿದ ವರ್ಕ್‌ಶಾಪಿನಲ್ಲೇ ಒಂದೇ ಬಗೆಯ ಕೆಲಸಕ್ಕೆ ಅಂಟಿಕೊಳ್ಳಬೇಕಾಗಬಹುದು. ಫಿಟ್ಟರ್‌ಗೆ ಎರಡೂ ಆದೀತು. ಮುಂದೆ ನೇವಿಯ ಟ್ರೇಡ್ಸ್‌ಮನ್ (ಸ್ಕಿಲ್ಡ್) ಹುದ್ದೆ ಬೇಕೆನ್ನುವವರು ಕಾರವಾರಕ್ಕೇ ಹೋಗಲಿ. ಆ ನೇಮಕಾತಿಗಳಲ್ಲಿ ಅಪ್ರೆಂಟಿಸ್‌ಶಿಪ್ ಮುಗಿಸಿರುವುದೇ ಮುಖ್ಯ ಅರ್ಹತೆ. ಕೆಲವಂತೂ ನೇವಿಯ ಯಾರ್ಡಿನಲ್ಲಿ ಕಲಿತವರಿಗೇ ಮೀಸಲು. ಎಚ್‌ಎಎಲ್‌ನವು ಹಲವು ಬಾರಿ ನಿಗದಿತ ಅವಧಿಯ ಹುದ್ದೆಗಳು. 1961ರ ಅಪ್ರೆಂಟಿಸ್ ಕಾಯ್ದೆಯಡಿ ತರಬೇತಿ ಕೊಟ್ಟವರು ಕೆಲಸ ಕೊಡಲೇಬೇಕೆಂದಿಲ್ಲ. ಎಲ್ಲ ಅರ್ಹತೆ ಸಮನಾಗಿದ್ದರೆ ತರಬೇತಿ ಪಡೆದವರಿಗೆ ಆದ್ಯತೆ ಎಂದು 1995ರಲ್ಲಿ ಸುಪ್ರೀಂ ಕೋರ್ಟ್ ಹೇಳಿದೆ, ಅಷ್ಟೇ. ಎಲ್ಲಿ ಸೇರಿದರೂ ಕೊನೆಯ ಟ್ರೇಡ್ ಪರೀಕ್ಷೆ ಪಾಸಾಗದೆ ರಾಷ್ಟ್ರೀಯ ಅಪ್ರೆಂಟಿಸ್‌ಶಿಪ್ ಸರ್ಟಿಫಿಕೇಟ್ (ಎನ್‌ಎಸಿ) ಸಿಗದು. ಅದಿಲ್ಲದ ವರ್ಷವನ್ನು ಯಾರೂ ಲೆಕ್ಕಕ್ಕೆ ಹಿಡಿಯುವುದಿಲ್ಲ.

ಅರ್ಜಿ ಕೆಡುವುದು ಹೆಚ್ಚಾಗಿ ಹೆಸರಿನಲ್ಲೇ. ಎಸ್ಸೆಸ್ಸೆಲ್ಸಿ ಅಂಕಪಟ್ಟಿಯಲ್ಲಿ ಬರೀ ಇನಿಶಿಯಲ್, ಆಧಾರ್‌ನಲ್ಲಿ ಅಪ್ಪನ ಪೂರ್ತಿ ಹೆಸರು, ಐಟಿಐಯಲ್ಲಿ ಮತ್ತೊಂದು ಸ್ಪೆಲ್ಲಿಂಗ್. ಅಪ್ರೆಂಟಿಸ್‌ಶಿಪ್ ಪೋರ್ಟಲ್‌ನಲ್ಲಿ ನೋಂದಾಯಿಸುವ ಮೊದಲೇ ಆಧಾರನ್ನು ಅಂಕಪಟ್ಟಿಗೆ ಹೊಂದಿಸಿ, ಆ ಆಧಾರನ್ನೇ ಬ್ಯಾಂಕ್ ಖಾತೆಗೆ ಜೋಡಿಸಿ. ಐಟಿಐ ಸರ್ಟಿಫಿಕೇಟ್ ರಾಷ್ಟ್ರೀಯ ಮಂಡಳಿ ಎನ್‌ಸಿವಿಟಿಯದೋ ರಾಜ್ಯ ಮಂಡಳಿ ಎಸ್‌ಸಿವಿಟಿಯದೋ ನೋಡಿಕೊಳ್ಳಿ. ಎರಡನೆಯದನ್ನು ಒಪ್ಪುವುದೇ ಎಂಬುದು ಆಯಾ ಪ್ರಕಟಣೆಯಲ್ಲೇ ಇರುತ್ತದೆ.