ಲೆಕ್ಕಕ್ಕೆ ಜೊತೆಗಾರರು ಸಿಗುವ ರೀಡಿಂಗ್ ರೂಮ್

ರಾಯಚೂರಿನ ಸ್ಟೇಷನ್ ರಸ್ತೆ ಹತ್ತಿರದ ಈ ರೀಡಿಂಗ್ ರೂಮಿಗೆ ಸೇರಿ ನಾಲ್ಕು ತಿಂಗಳಾಯ್ತು. ತಿಂಗಳಿಗೆ 600 ರೂಪಾಯಿ. ಕುರ್ಚಿ, ನೀರು, ವೈಫೈ ಎಲ್ಲಾ ಕಡೆ ಇರೋದೇ. ನಾನು ದುಡ್ಡು ಕೊಡೋದು ಸಂಜೆ ಆರರ ಗುಂಪಿಗೆ. ಪರೀಕ್ಷೆಗೆ ಓದೋ ಎಂಟು–ಹತ್ತು ಮಂದಿ ಬೋರ್ಡ್ ಮುಂದೆ ಕೂತು ಒಂದೇ ಲೆಕ್ಕ ಬಿಡಿಸ್ತೀವಿ.

ಮೊನ್ನೆ ನಲ್ಲಿ ಲೆಕ್ಕ ಬಂತು. ಒಂದು ನಲ್ಲಿ ತೊಟ್ಟಿಯನ್ನು 6 ತಾಸಿನಲ್ಲಿ ತುಂಬುತ್ತೆ, ಇನ್ನೊಂದು 12 ತಾಸಿನಲ್ಲಿ, ಎರಡೂ ಒಟ್ಟಿಗೆ ಬಿಟ್ಟರೆ ಎಷ್ಟು ತಾಸು? ನಾನು 1/6, 1/12 ಅಂತ ಭಿನ್ನರಾಶಿ ಬರೀತಾ ಕೂತಿದ್ದೆ. ಮಾನ್ವಿಯಿಂದ ದಿನಾ ಬಸ್ಸಿಗೆ ಬರೋ ಹುಡುಗಿ, “ತೊಟ್ಟಿ 12 ಕೊಡ ಅಂತ ಇಟ್ಕೋರಿ. ತಾಸಿಗೆ ಇದು 2 ಕೊಡ, ಅದು 1 ಕೊಡ. ಒಟ್ಟು 3. ಅಂದ್ರ 4 ತಾಸು” ಅಂದಳು. ಪೆನ್ನೇ ಮುಟ್ಟಲಿಲ್ಲ! ಬ್ಯಾಂಕ್ ಕ್ಲರ್ಕ್ ಕೆಲಸದ ಮೊದಲ ಹಂತದ ಪರೀಕ್ಷೆ ಪ್ರಿಲಿಮ್ಸ್‌ನಲ್ಲಿ 20 ನಿಮಿಷಕ್ಕೆ 35 ಲೆಕ್ಕ, ತಪ್ಪಾದರೆ ಕಾಲು ಅಂಕ ಕಟ್. ಅಂಥ ಕಡೆ ಈ ಕೊಡದ ಉಪಾಯ ಕೈಹಿಡಿಯುತ್ತೆ.

ಕೊರತೆ ಒಂದಿದೆ. ಕರೆಂಟ್ ಹೋದರೆ ಇನ್ವರ್ಟರ್ ಲೈಟಿಗಷ್ಟೇ, ಫ್ಯಾನಿಗಿಲ್ಲ. ನಮ್ಮ ಏಪ್ರಿಲ್ ಬಿಸಿಲಿಗೆ ಅದು ದೊಡ್ಡ ಕಷ್ಟ, ಮಾಲೀಕರು ಬೇಗ ಸರಿ ಮಾಡಬೇಕು.

ಸೇರೋದಾದರೆ ಬೋರ್ಡಿನ ಎದುರಿನ ಸಾಲೇ ಕೇಳಿ.